ನಲವತ್ತು ಅಂದ್ರೆ ನಲವತ್ತು

ನಮ್ಮ ಸೋದರಮಾವ ಜೀವಮಾನದಲ್ಲಿ ಒಂದೇ ಒಂದು ಸಲ ಕಾನೂನು ಮುರಿದರು. ಆದರೆ ಆ ಒಂದು ಸಲ ಮುರಿದದ್ದು ಸತತವಾಗಿ ತೊಂಬತ್ತೊಂದು ದಿನ! ಅದೂ ಯಾಕೆ? ಕಾನೂನನ್ನು ಚಾಚೂ ತಪ್ಪದೆ ಪಾಲಿಸಲೇಬೇಕೆಂಬ ಹಟಕ್ಕೆ ಬಿದ್ದು. ಇದು ಹೇಗೆ ಸಾಧ್ಯ ಎಂದು ನೀವು ಕೇಳಬಹುದು. ನಮ್ಮ ಮಾವನನ್ನು ಬಲ್ಲವರು ಕೇಳುವುದಿಲ್ಲ.

ತೊಂಬತ್ತೊಂದು ಎಂಬ ಸಂಖ್ಯೆಯನ್ನು ಬಾಯಿಗೆ ಬಂದಂತೆ ಹೇಳುತ್ತಿಲ್ಲ. ಬರೆದಿಟ್ಟಿದ್ದೇನೆ. ಮಾವ ಬಸ್ ಡ್ರೈವರು. ಬೆಳಿಗ್ಗೆ ಶ್ರೀರಂಗಪಟ್ಟಣ ಬಿಟ್ಟು ಕಿರಂಗೂರು, ಪಾಂಡವಪುರ, ಕೃಷ್ಣರಾಜಪೇಟೆಯ ಮೇಲೆ ನಾಗಮಂಗಲ ಮುಟ್ಟಿ, ಸಂಜೆ ಅದೇ ದಾರಿಯಲ್ಲಿ ಹಿಂದಿರುಗುವ ಖಾಸಗಿ ಬಸ್ಸು. ನನಗೆ ಆಗಷ್ಟೇ ಅದೇ ದಾರಿಯಲ್ಲಿ, ಪಾಂಡವಪುರ ದಾಟಿದ ಮೇಲೆ ಸಿಗುವ ಶೀಳನೆರೆಯ ಶಾಲೆಯಲ್ಲಿ ಕೆಲಸ ಸಿಕ್ಕಿತ್ತು. ಶ್ರೀರಂಗಪಟ್ಟಣಕ್ಕೆ ಅಂಟಿಕೊಂಡ ಗಂಜಾಮಿನಲ್ಲಿ ಮಾವನ ಮನೆಯಲ್ಲೇ ಇದ್ದುಕೊಂಡು, ಮಾವನ ಬಸ್ಸಿನಲ್ಲೇ ಹೋಗಿ ಬರುತ್ತಿದ್ದೆ. ಹೆಂಗಸರ ಸೀಟು ಡ್ರೈವರ ಬೆನ್ನ ಹಿಂದೆಯೇ. ಅಲ್ಲಿ ಕೂತರೆ ಮಾವನ ಭುಜದ ಮೇಲಿಂದ ಸ್ಪೀಡ್ ಮೀಟರಿನ ಮುಳ್ಳು ನೇರವಾಗಿ ಕಾಣುತ್ತಿತ್ತು. ಕಂಡದ್ದನ್ನೆಲ್ಲ ತಾರೀಖು ಹಾಕಿ ಬರೆದಿಡುವುದು ನನ್ನ ಚಟ. ಕೆಲವರು ಬಸ್ಸಿನಲ್ಲಿ ಕಡಲೆಕಾಯಿ ತಿನ್ನುತ್ತಾರೆ, ನಾನು ಗೀಟು ಎಳೆಯುತ್ತೇನೆ. ಮುಳ್ಳು ತೋರಿಸಿದ ವೇಗಕ್ಕೆ ಒಂದು ಕಲಂ, ಹಾರನ್ ಹೊಡೆದದ್ದಕ್ಕೆ ಒಂದು, ಬ್ರೇಕ್ ಹಿಡಿದದ್ದಕ್ಕೆ ಒಂದು, ನಮ್ಮನ್ನು ಹಿಂದೆ ಹಾಕಿ ಹೋದ ವಾಹನಗಳಿಗೆ ಒಂದು, ಮಾವ ತಿಂದ ಬೈಗುಳಕ್ಕೆ ಒಂದು. ಕೊನೆಯ ಕಲಮ್ಮನ್ನು ಸ್ವಲ್ಪ ಅಗಲವಾಗಿಯೇ ಬಿಟ್ಟುಕೊಂಡಿದ್ದೆ.

ಆ ಕಾಲಕ್ಕೆ ಪ್ರತಿ ಊರಿನ ತಲೆಬಾಗಿಲಲ್ಲೂ ಒಂದು ಕಬ್ಬಿಣದ ಕಂಬ, ಅದರ ತಲೆಗೆ ಒಂದು ದುಂಡು ತಗಡು, ತಗಡಿನ ಮೇಲೆ ಬರೇ ಒಂದು ಸಂಖ್ಯೆ: ಇಪ್ಪತ್ತೈದು. ಗಂಟೆಗೆ ಇಪ್ಪತ್ತೈದು ಮೈಲಿ ಮೀರಬೇಡ ಎಂದು ಅದರ ಅರ್ಥ. ಉಳಿದ ಡ್ರೈವರುಗಳ ಪಾಲಿಗೆ ಅದು ಕಾಗೆ ಕೂರುವ ಜಾಗ. ಮಾವನಿಗೆ ಅದು ಅಪ್ಪಣೆ. ಮೀರಬೇಡ ಎಂಬುದಷ್ಟೇ ಅಲ್ಲ, ಇಷ್ಟರಲ್ಲೇ ಹೋಗು ಎಂದೂ ಸರ್ಕಾರ ಹೇಳಿದೆ ಎಂಬುದು ಅವರ ವ್ಯಾಖ್ಯಾನ. ಮೀಟರಿನ ಗಾಜಿನ ಮೇಲೆ ಇಪ್ಪತ್ತೈದರ ಗೆರೆಗೆ ಸರಿಯಾಗಿ ಒಂದು ಕುಂಕುಮದ ಬೊಟ್ಟು ಇಟ್ಟುಕೊಂಡಿದ್ದರು. ಮುಳ್ಳು ಬೊಟ್ಟಿನ ಹಿಂದೆ ಅಡಗಿರಬೇಕು. ಈಚೆ ಕಂಡರೂ ತಪ್ಪು, ಆಚೆ ಕಂಡರೂ ತಪ್ಪು.

ಇಷ್ಟೇ ಆಗಿದ್ದರೆ ಊರೊಳಗಿನ ಮಾತಾಯಿತು. ಆದರೆ ಊರು ದಾಟಿದ ಮೇಲೂ ಮುಳ್ಳು ಅಲ್ಲೇ! ಬೆಲ್ಲದ ವ್ಯಾಪಾರಿ ಬೋರೇಗೌಡರು, ವಾರಕ್ಕೆ ಮೂರು ದಿನ ಪಾಂಡವಪುರದಿಂದ ಕೃಷ್ಣರಾಜಪೇಟೆಗೆ ಬರುತ್ತಿದ್ದವರು, ಒಂದು ದಿನ ಕೇಳಿಯೇ ಬಿಟ್ಟರು.

"ಅಲ್ಲ ಕಣಯ್ಯ, ಊರು ಮುಗ್ದೋಯ್ತಲ್ಲ, ಇನ್ನಾದ್ರೂ ಒತ್ತಬಾರದಾ?"

"ಇಪ್ಪತ್ತೈದು ಅಂತ ಬೋರ್ಡು ನೋಡಿದ್ರಾ ಗೌಡ್ರೇ?"

"ನೋಡ್ದೆ."

"ಇಪ್ಪತ್ತೈದು ಮುಗೀತು ಅಂತ ಎಲ್ಲಾದ್ರೂ ಬೋರ್ಡು ನೋಡಿದ್ರಾ?"

ಗೌಡರು ಯೋಚಿಸಿದರು. ನಾನೂ ಯೋಚಿಸಿದೆ. ನಿಜಕ್ಕೂ ಎಲ್ಲೂ ಇರಲಿಲ್ಲ. ಒಂದು ಊರಿನ ಇಪ್ಪತ್ತೈದು ಮುಗಿಯುವುದರೊಳಗೆ ಮುಂದಿನ ಊರಿನ ಇಪ್ಪತ್ತೈದು ಶುರುವಾಗುತ್ತಿತ್ತು. ಹೀಗಾಗಿ ಶ್ರೀರಂಗಪಟ್ಟಣದಿಂದ ನಾಗಮಂಗಲದವರೆಗೆ ಮಾವನ ಪಾಲಿಗೆ ಒಂದೇ ಊರು, ಅದಕ್ಕೆ ಒಂದೇ ಬೀದಿ.

ಇಳಿಜಾರಿನಲ್ಲಿ ಸೈಕಲ್ಲಿನವರು ನಮ್ಮನ್ನು ಹಿಂದೆ ಹಾಕಿ ಹೋಗುತ್ತಿದ್ದರು. ಹಾಕುವಾಗ ಬೆಲ್ ಬಾರಿಸುತ್ತಿದ್ದರು. ಹಾಲಿನ ಕ್ಯಾನಿನವನೊಬ್ಬ ಕಿರಂಗೂರಿನ ಬಳಿ ದಿನಾ ನಮಗಾಗಿ ಕಾದಿದ್ದು ಹಿಂದೆ ಹಾಕುತ್ತಿದ್ದ. ಅವನ ದಿನ ಹಾಗೆಯೇ ಶುರುವಾಗಬೇಕಿತ್ತು ಎಂದು ಕಾಣುತ್ತದೆ. ಬೋರೇಗೌಡರಂತೂ ಬಸ್ಸು ಹತ್ತುವಾಗಲೇ ರಾಗ ತೆಗೆಯುವರು: "ಬೆಲ್ಲ ಏರ್ಕೊಂಡು ಒಂಟಿವ್ನಿ. ನಿನ್ ಬಸ್ಸು ಪೇಟೆ ಮುಟ್ಟೋವೊತ್ಗೆ ಎಲ್ಲಾ ಕರಗಿ ಕಾಕಂಬಿ ಆಗಿರ್ತದೆ. ಅದ್ನೇ ಮಾರ್ಕತೀನಿ ಬುಡು."

ಮಾವ ನಗುತ್ತಲೂ ಇರಲಿಲ್ಲ, ಸಿಟ್ಟಾಗುತ್ತಲೂ ಇರಲಿಲ್ಲ. ಇಪ್ಪತ್ತೆರಡು ವರ್ಷದಲ್ಲಿ ಒಂದು ಕೋಳಿಯ ಗರಿಯೂ ತನ್ನ ಚಕ್ರಕ್ಕೆ ತಾಗಿಲ್ಲ ಎಂಬುದೊಂದೇ ಅವರ ಉತ್ತರ. ಯಮನೂ ಮನುಷ್ಯರ ಹಾಗೇ, ಅವನಿಗೂ ಅವಸರ ಇರುತ್ತದೆ, ಇಷ್ಟು ನಿಧಾನವಾಗಿ ಬರುವವರಿಗಾಗಿ ಕಾದು ಕೂರಲು ಅವನಿಗೆ ಪುರುಸೊತ್ತಿಲ್ಲ ಎಂದು ನನಗೆ ವಿವರಿಸಿದ್ದರು.

ಆದರೆ ನಿಧಾನದಲ್ಲೂ ಅಪಾಯವಿದೆ ಎಂಬುದು ಚಿನಕುರಳಿಯ ಹತ್ತಿರದ ಕೆರೆ ಏರಿಯ ಮೇಲೆ ಗೊತ್ತಾಯಿತು. ಏರಿ ಕಿರಿದು. ನಮ್ಮ ಹಿಂದೆ ಒಂದು ಲಾರಿ, ಅದರ ಹಿಂದೆ ನಮ್ಮ ಪ್ರತಿಸ್ಪರ್ಧಿ ಬಸ್ಸು, ಅದರ ಹಿಂದೆ ಯಾರದೋ ಕಾರು, ಮೂರೂ ಹಾರನ್ ಹೊಡೆಯುತ್ತಾ ಬರುತ್ತಿದ್ದವು. ಏರಿಯ ನಡುವೆ ಸ್ವಲ್ಪ ಅಗಲ ಸಿಕ್ಕಿದ್ದೇ ತಡ, ಮೂರಕ್ಕೂ ಒಂದೇ ಸಲ ತಾಳ್ಮೆ ತಪ್ಪಿತು. ಕಾರು ದಾಟಿತು, ಬಸ್ಸು ಉಜ್ಜಿಕೊಂಡು ದಾಟಿತು, ಲಾರಿಯ ಹಿಂದಿನ ಚಕ್ರವೊಂದು ಏರಿಯಿಂದಾಚೆ ಗಾಳಿಯಲ್ಲಿ ತಿರುಗುತ್ತಾ ನಿಂತಿತು! ಲಾರಿಯವನು ಕೆಳಗಿಳಿದು ಮಾವನ ವಂಶವೃಕ್ಷವನ್ನು ಬೇರಿನಿಂದ ಹಿಡಿದು ಹೇಳತೊಡಗಿದ. ಮಾವ ಕನ್ನಡಿಯಲ್ಲಿ ನೋಡಿ, "ನೋಡವ್ವಾ, ಜೋರಾಗಿ ಓಡ್ಸೋರ ಪಾಡು" ಎಂದರು.

ಕಂಡಕ್ಟರ್ ನಂಜಪ್ಪ ಮಾವನಿಗಿಂತ ಹತ್ತು ವರ್ಷ ಚಿಕ್ಕವನು, ಬಾಯಿ ಮಾತ್ರ ಹತ್ತು ವರ್ಷ ದೊಡ್ಡದು. "ಅಣ್ಣಾ, ಅವ್ನು ಜೋರಾಗಿ ಬಂದಿದ್ದಕ್ಕೆ ಬೀಳ್ಲಿಲ್ಲ. ನೀನು ಅಡ್ಡ ಇದ್ದಿದ್ದಕ್ಕೆ ಬಿದ್ದ," ಎಂದ.

 ಅಂದಿನ ನನ್ನ ಪುಟದಲ್ಲಿ ಬೈಗುಳದ ಕಲಂ ತುಂಬಿ ಅಂಚಿಗೆ ಹೋಗಿದೆ.

ಬೈಗುಳವನ್ನು ಮಾವ ತಡೆದುಕೊಳ್ಳುತ್ತಿದ್ದರು. ಬಸ್ಸಿನ ಸಾಹುಕಾರರು ಪಾಂಡವಪುರದಲ್ಲಿ ಕರೆಸಿ ಹೇಳಿದ್ದನ್ನು ಮಾತ್ರ ತಡೆದುಕೊಳ್ಳಲು ಕಷ್ಟವಾಯಿತು. ಜನ ಎಲ್ಲ ಇನ್ನೊಂದು ಬಸ್ಸಿಗೆ ಹೋಗುತ್ತಿದ್ದಾರೆ, ನಮ್ಮದರಲ್ಲಿ ಬೋರೇಗೌಡರ ಬೆಲ್ಲ ಬಿಟ್ಟರೆ ಸಿಹಿಯಾದದ್ದು ಏನೂ ಉಳಿದಿಲ್ಲ, ದಸರೆಯವರೆಗೆ ನೋಡುತ್ತೇನೆ, ಆಮೇಲೆ ಚಕ್ರ ಬೇರೆಯವರ ಕೈಗೆ ಕೊಡುತ್ತೇನೆ ಎಂದು ಅವರು ಹೇಳಿದರಂತೆ. ಅಂದು ಸಂಜೆ ಮಾವ ಊಟದ ತಟ್ಟೆಯ ಮುಂದೆ ಕೂತು ಎರಡೂ ಅಂಗೈಗಳನ್ನು ತಿರುಗಿಸಿ ನೋಡಿಕೊಂಡರು. "ಈ ಕೈಗೆ ಅದೊಂದು ಬುಟ್ರೆ ಇನ್ನೇನೂ ಬರಾಕಿಲ್ಲ ಕಣವ್ವಾ," ಎಂದರು. ಅತ್ತೆ ಮುದ್ದೆಯನ್ನು ಇನ್ನಷ್ಟು ದೊಡ್ಡದಾಗಿ ಕಟ್ಟಿ ಬಡಿಸಿದರು.

ಅಪ್ಪಣೆ ಮೀರುವ ಹಾಗಿಲ್ಲ, ಮೀರದಿದ್ದರೆ ಕೆಲಸ ಇಲ್ಲ. ಇಂಥ ಇಕ್ಕಟ್ಟಿನಲ್ಲಿ ದೇವರು ಕಣ್ಣು ಬಿಟ್ಟ. ಅಥವಾ ಲೋಕೋಪಯೋಗಿ ಇಲಾಖೆ ಬಿಟ್ಟಿತು.

ಆಷಾಢದ ಒಂದು ಮಂಗಳವಾರ. ಬಸ್ಸು ಕಿರಂಗೂರಿನ ಅಂಚಿಗೆ ಬಂದಾಗ ಮಾವ ಗಕ್ಕನೆ ನಿಲ್ಲಿಸಿ ಕೆಳಗಿಳಿದರು. ಹಳೆಯ ತಗಡು ಮಾಯವಾಗಿ ಅಲ್ಲೊಂದು ಹೊಸ ತಗಡು ಹೊಳೆಯುತ್ತಿತ್ತು. ಅದರ ಮೇಲೆ: ನಲವತ್ತು! ಮಾವ ಕಂಬವನ್ನು ಒಂದು ಸುತ್ತು ಬಂದರು. ಬಣ್ಣವನ್ನು ಮುಟ್ಟಿ ನೋಡಿದರು, ಬೆರಳಿಗೆ ಅಂಟಿತು. ನಿನ್ನೆ ಮೊನ್ನೆ ಬರೆದದ್ದೇ ಸರಿ. ವಾಪಸು ಬಂದು, ಮೀಟರಿನ ಮೇಲಿದ್ದ ಹಳೆಯ ಕುಂಕುಮವನ್ನು ಒದ್ದೆ ಬಟ್ಟೆಯಿಂದ ಒರೆಸಿ, ದೇವರ ಪಟದ ಮುಂದಿನ ಭರಣಿಯಿಂದ ಹೊಸ ಕುಂಕುಮ ತೆಗೆದು ನಲವತ್ತರ ಮೇಲೆ ಇಟ್ಟರು. ಬೋರೇಗೌಡರಿಗೆಂದು ಯಾರೋ ಕಳಿಸಿದ್ದ ತೆಂಗಿನಕಾಯಿಯೊಂದು ಬಸ್ಸಿನಲ್ಲಿತ್ತು. ಅದನ್ನು ರಸ್ತೆಗೆ ಈಡಾಡಿದರು.

ಆಗ ಮೈಲಿ ಹೋಗಿ ಕಿಲೋಮೀಟರು ಬರುತ್ತಿದ್ದ ಕಾಲ. ಬೋರ್ಡಿನ ನಲವತ್ತು ಕಿಲೋಮೀಟರಿನದು. ನಮ್ಮ ಮುದಿ ಬಸ್ಸಿನ ಮೀಟರು ಮೈಲಿಯದು. ಕಿಲೋಮೀಟರಿನ ನಲವತ್ತೂ ಮೈಲಿಯ ಇಪ್ಪತ್ತೈದೂ ಒಂದೇ. ಸರ್ಕಾರ ವೇಗವನ್ನು ಒಂದು ಕೂದಲೆಳೆಯಷ್ಟೂ ಏರಿಸಿರಲಿಲ್ಲ! ಉಳಿದ ಡ್ರೈವರುಗಳಿಗೆ ಈ ಗೊಂದಲ ಬರಲೇ ಇಲ್ಲ. ಅವರು ಹಳೆಯ ಬೋರ್ಡನ್ನೇ ಓದಿರಲಿಲ್ಲ. ಓದಿ ಪಾಲಿಸುವವರು ನಮ್ಮ ಮಾವ ಒಬ್ಬರೇ. ಆದ್ದರಿಂದ ತಪ್ಪು ಮಾಡುವ ಅರ್ಹತೆ ಇದ್ದದ್ದೂ ಅವರೊಬ್ಬರಿಗೇ.

ಯಾರಿಗೂ ಹೊಳೆಯಲಿಲ್ಲವೇ ಎಂದರೆ, ಮೈಲಿಗಲ್ಲುಗಳೂ ಬದಲಾಗಿದ್ದವು. ಪಾಂಡವಪುರಕ್ಕೆ ಆರು ಎಂದಿದ್ದ ಕಲ್ಲು ಹತ್ತು ಎನ್ನುತ್ತಿತ್ತು. ಬಸ್ಸಿನಲ್ಲಿ ಆ ಬಗ್ಗೆ ದೊಡ್ಡ ಚರ್ಚೆಯೇ ನಡೆಯಿತು. ಸೇರು ಹೋಗಿ ಕೇಜಿ ಬಂತು, ಆಣೆ ಹೋಗಿ ನಯಾಪೈಸೆ ಬಂತು, ಈಗ ರಸ್ತೆಯನ್ನೂ ಹಿಗ್ಗಿಸಿದ್ದಾರೆ ಎಂದು ಬೋರೇಗೌಡರು ಗೊಣಗಿದರು. ಮಾವ ತೀರ್ಪು ಕೊಟ್ಟರು: "ದೂರ ಜಾಸ್ತಿ ಮಾಡವ್ರೆ. ಅದ್ಕೇ ಸ್ಪೀಡೂ ಜಾಸ್ತಿ ಮಾಡವ್ರೆ. ಸರ್ಕಾರ ಅಂದ್ರೆ ನ್ಯಾಯ ಇರ್ತದೆ ಗೌಡ್ರೇ." ಮೇಷ್ಟ್ರಮ್ಮ ಎನಿಸಿಕೊಂಡ ನಾನೂ ಹಿಂದಿನ ಸೀಟಿನಲ್ಲಿ ತಲೆಯಾಡಿಸಿದೆ. ಆ ತಲೆಯನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ನಲವತ್ತು ಎಂದರೆ ಏನೆಂದು ನಮ್ಮ ಬಸ್ಸಿಗೆ ಗೊತ್ತಿರಲಿಲ್ಲ. ಮೂವತ್ತಕ್ಕೆ ಕಿಟಕಿಗಳು ಮಾತಾಡತೊಡಗಿದವು. ಮೂವತ್ತೈದಕ್ಕೆ ಸೀಟುಗಳು ದನಿಗೂಡಿಸಿದವು. ಮುಳ್ಳು ನಲವತ್ತರ ಬೊಟ್ಟಿನ ಹಿಂದೆ ಹೋಗಿ ಅಡಗಿದಾಗ ಇಡೀ ಬಸ್ಸು ಸೋಬಾನೆ ಹಾಡುತ್ತಿತ್ತು. ಏರಿನಲ್ಲಿ ಮುಳ್ಳು ಮೂವತ್ತೆಂಟಕ್ಕೆ ಇಳಿದರೆ ಮಾವ ಅಪರಾಧಿಯಂತೆ ನನ್ನ ಕಡೆ ತಿರುಗಿ, "ಒಸಿ ಕಮ್ಮಿ ಆಯ್ತದೆ, ಏನ್ ಮಾಡಾದು" ಎನ್ನುತ್ತಿದ್ದರು. ಹಾಲಿನ ಕ್ಯಾನಿನವನು ಮೊದಲ ದಿನ ಬೆಲ್ ಬಾರಿಸುತ್ತಾ ಬಂದವನು ಹಾಗೇ ಹಿಂದೆ ಉಳಿದು, ಬಾಯಿ ತೆರೆದುಕೊಂಡು ಚಿಕ್ಕದಾಗುತ್ತಾ ಹೋದ.

ಸಿದ್ಧಾಂತವೂ ರಾತ್ರೋರಾತ್ರಿ ಬದಲಾಯಿತು. ಮನುಷ್ಯ ರಸ್ತೆಯ ಮೇಲೆ ಎಷ್ಟು ಕಡಿಮೆ ಹೊತ್ತು ಇರುತ್ತಾನೋ ಅಷ್ಟು ಕ್ಷೇಮ, ಬೇಗ ಹೋಗಿ ಬೇಗ ಮನೆ ಸೇರಿದರೆ ಯಮನಿಗೆ ಸಿಕ್ಕುವುದೆಲ್ಲಿ ಎಂದು ಮಾವ ಸಾರತೊಡಗಿದರು. ಬೋರೇಗೌಡರು ಬಿಡುತ್ತಾರೆಯೇ?

"ಓದ್ ವಾರ ನಿಧಾನಕ್ಕೋದ್ರೇ ಕ್ಷೇಮ ಅಂತಿದ್ದಲ್ಲಯ್ಯ."

"ಓದ್ ವಾರ ಇಪ್ಪತ್ತೈದಿತ್ತಲ್ಲ ಗೌಡ್ರೇ."

ವಾದ ಅಲ್ಲಿಗೆ ಮುಗಿಯಿತು. 

ಜನ ವಾಪಸು ಬಂದರು. ಶ್ರಾವಣದ ಹೊತ್ತಿಗೆ ನಿಲ್ಲಲು ಜಾಗವಿಲ್ಲ. ಸಾಹುಕಾರರು ಮಾವನನ್ನು ಕೂರಿಸಿ ಕಾಫಿ ಕೊಟ್ಟರು. ದಸರೆಯ ಮಾತು ಎತ್ತಲೇ ಇಲ್ಲ. ಮಾವ ಮೀಸೆಗೆ ಎಣ್ಣೆ ಹಚ್ಚತೊಡಗಿದರು.

ನಾನು ನನ್ನ ಕೆಲಸ ಬಿಟ್ಟಿರಲಿಲ್ಲ. ಇಪ್ಪತ್ತೈದರ ಹನ್ನೆರಡು ದಿನ, ನಲವತ್ತರ ಹನ್ನೆರಡು ದಿನ ತೆಗೆದುಕೊಂಡು ಒಂದು ಭಾನುವಾರ ಕಲಂಗಳನ್ನು ಕೂಡಿದೆ. ನೋಡಿದರೆ ಆಶ್ಚರ್ಯ! ನಮ್ಮನ್ನು ಹಿಂದೆ ಹಾಕಿದ ವಾಹನಗಳು ನಲವತ್ತೇಳರಿಂದ ಎರಡಕ್ಕೆ ಇಳಿದಿದ್ದವು. ಏರಿಯ ಮೇಲಿನ ಉಜ್ಜಾಟವೇ ಇಲ್ಲ. ಬ್ರೇಕ್ ಹಿಡಿದದ್ದು ಅರ್ಧಕ್ಕರ್ಧ ಕಡಿಮೆ. ಬೈಗುಳವಂತೂ ಮೂರರಲ್ಲಿ ಒಂದು ಪಾಲು. ವೇಗ ಹೆಚ್ಚಿಸಿದರೆ ಕ್ಷೇಮವೂ ಹೆಚ್ಚುತ್ತದೆ ಎಂದು ಬರೆದು ಅಡಿಗೆರೆ ಎಳೆದೆ. ಎಳೆದ ಮೇಲೆ ಒಂದು ಸಂಶಯ ಬಂತು. ಬೈಗುಳಗಳನ್ನು ಮತ್ತೆ ಬಿಡಿಸಿ, ಬಸ್ಸಿನ ಒಳಗಿನವರು ಬೈದದ್ದು, ಹೊರಗಿನವರು ಬೈದದ್ದು ಎಂದು ಬೇರೆ ಮಾಡಿದೆ. ಒಳಗಿನವರು ಬೈಯುವುದನ್ನು ಪೂರಾ ನಿಲ್ಲಿಸಿದ್ದರು. ಉಳಿದದ್ದೆಲ್ಲ ಹೊರಗಿನವರದು. ಎಮ್ಮೆ ಹೊಡೆಯುವವರು, ಕಟ್ಟಿಗೆ ಹೊತ್ತವರು, ಗಾಡಿಯವರು, ಮನೆ ಮುಂದೆ ಭತ್ತ ಹರವಿದವರು, ಹಿಂದೆ ಒಬ್ಬರೂ ಬೈಯದೆ ಇದ್ದವರು. ಬ್ರೇಕು ಕಡಿಮೆಯಾದದ್ದು ಯಾಕೆಂದೂ ಆಗ ಹೊಳೆಯಿತು: ಅವರೇ ನೆಗೆದು ಪಕ್ಕಕ್ಕೆ ಹೋಗುತ್ತಿದ್ದರು. ಕ್ಷೇಮ ಹೆಚ್ಚಿತ್ತು, ನಿಜ. ಬಸ್ಸಿನ ಒಳಗೆ ಕೂತವರಿಗೆ.

ಅಡಿಗೆರೆಯನ್ನು ಅಳಿಸಿದೆ.

ಎಂಬತ್ತನೆಯ ದಿನ, ಗುರುವಾರ, ಶಾಲೆಯಲ್ಲಿ ಹೊಸ ಅಳತೆಗಳ ಪಾಠ. ಐದು ಮೈಲಿಗೆ ಎಂಟು ಕಿಲೋಮೀಟರು ಎಂದು ಕೋಷ್ಟಕ ಬರೆದು, ಮಕ್ಕಳಿಗೆ ಸುಲಭವಾಗಲೆಂದು ಬಸ್ಸಿನ ಲೆಕ್ಕವನ್ನೇ ಕೊಟ್ಟೆ: ಒಂದು ಬಸ್ಸು ಗಂಟೆಗೆ ಇಪ್ಪತ್ತೈದು ಮೈಲಿ ಹೋದರೆ ಎಷ್ಟು ಕಿಲೋಮೀಟರು? ಮಕ್ಕಳು ಕೂಡಿ, ಗುಣಿಸಿ, ಇಡೀ ಕ್ಲಾಸೇ ಒಂದೇ ದನಿಯಲ್ಲಿ "ನಲವತ್ತೂ" ಎಂದಿತು. ನಾನು ಕರಿಹಲಗೆಯತ್ತ ತಿರುಗಿ ಇಪ್ಪತ್ತೈದನ್ನು ನಾನೇ ಇನ್ನೊಮ್ಮೆ ಗುಣಿಸಿ ನೋಡಿದೆ. ಮಕ್ಕಳು ತಪ್ಪಾಯಿತೇನೋ ಎಂದು ಮತ್ತೆ ಗುಣಿಸತೊಡಗಿದರು.

ಅಂದು ಸಂಜೆಯೇ ಹೇಳಬೇಕಿತ್ತು. ಹೇಳಲಿಲ್ಲ. ಹೇಳಿದರೆ ಮಾವ ಮರುದಿನವೇ ಇಪ್ಪತ್ತೈದಕ್ಕೆ ಇಳಿಯುತ್ತಾರೆ, ದಸರೆಗೆ ಚಕ್ರ ಬಿಟ್ಟು ಇಳಿಯುತ್ತಾರೆ. ಹೇಳದಿದ್ದರೆ? ಇಷ್ಟು ದಿನ ಏನೂ ಆಗಿಲ್ಲವಲ್ಲ, ಬೇರೆ ಬಸ್ಸುಗಳೂ ಹೀಗೇ ಓಡುತ್ತವಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಬೇರೆ ಬಸ್ಸುಗಳು ಊರು ಬಂದಾಗ ನಿಧಾನ ಮಾಡುತ್ತವೆ, ನಮ್ಮದು ಊರು ಬಂದಾಗಲೂ ಬೋರ್ಡು ನೋಡಿ ಹುರುಪಿನಿಂದ ನಲವತ್ತರಲ್ಲೇ ನುಗ್ಗುತ್ತದೆ ಎಂಬುದನ್ನು ಮಾತ್ರ ಹೇಳಿಕೊಳ್ಳಲಿಲ್ಲ. ಹನ್ನೊಂದು ದಿನ ಡೈರಿಯಲ್ಲಿ ಹವೆಯ ವಿಷಯ ಬರೆದೆ.

ತೊಂಬತ್ತೊಂದನೆಯ ದಿನ, ಸೋಮವಾರ ಸಂಜೆ, ಕಿರಂಗೂರಿನ ಒಳಗೆ. ತಲೆಯ ಮೇಲೆ ಹುಲ್ಲಿನ ದೊಡ್ಡ ಹೊರೆ ಹೊತ್ತ ಒಬ್ಬಾಕೆ ರಸ್ತೆ ದಾಟುತ್ತಿದ್ದಳು. ಹೊರೆ ಎರಡೂ ಕಡೆ ಕಣ್ಣಿಗೆ ಅಡ್ಡವಾಗಿ ಇಳಿಬಿದ್ದಿತ್ತು. ಹಾರನ್ ಕೇಳಿ ಯಾವ ಕಡೆಗೆ ನೆಗೆಯಬೇಕೆಂದು ತಿಳಿಯದೆ ನಡುವೆಯೇ ನಿಂತುಬಿಟ್ಟಳು. ಬೋರೇಗೌಡರು ಶ್ರೀರಂಗಪಟ್ಟಣಕ್ಕೆಂದು ಹೇರಿ ಕಳಿಸಿದ್ದ ಬೆಲ್ಲದ ಪಿಂಡಿಗಳು ಬಸ್ಸಿನ ಈ ತುದಿಯಿಂದ ಆ ತುದಿಗೆ ಉರುಳಿದವು. ಬಸ್ಸು ನಿಂತಾಗ ನಾಲ್ಕಾರು ಹುಲ್ಲಿನ ಎಸಳು ಬಾನೆಟ್ಟಿನ ಮೇಲೆ ಬಿದ್ದಿದ್ದವು. ಆಕೆ ಹೊರೆಯ ಸಮೇತ ಅಲ್ಲೇ ರಸ್ತೆಯಲ್ಲಿ ಕುಸಿದು ಕೂತಳು. ಒಳಗಿನವರೆಲ್ಲ ಆಕೆಯನ್ನೇ ಬೈದರು. ನಂಜಪ್ಪ ಇಳಿದು ಕೈಹಿಡಿದು ಎಬ್ಬಿಸಿ ಕಳಿಸಿದ.

ನಾನು ಸೀಟಿನ ಮುಂದಿನ ಕಂಬಿ ಹಿಡಿದವಳು ಇನ್ನೂ ಬಿಟ್ಟಿರಲಿಲ್ಲ. ಮಾವ ಮಾತ್ರ ಕದಲಿರಲಿಲ್ಲ.

"ಎದರ್ಕೋಬ್ಯಾಡ ಕಣವ್ವಾ," ಎಂದರು. "ನಲವತ್ತು ಅಂತ ಬರೆಯೋವಾಗ ಅವ್ರು ಲೆಕ್ಕ ಆಕಿರಾಕಿಲ್ವಾ? ಬ್ರೇಕ್ ಇಡುದ್ರೆ ಎಲ್ಲಿಗೆ ನಿಲ್ತದೆ ಅಂತ ಅಳೆದೇ ಬರ್ದಿರ್ತಾರೆ. ನೋಡು, ಎಂಗೆ ನಿಂತ್ಕತು."

ಆ ನೆಮ್ಮದಿ ನೋಡಿ ನನಗೆ ಹುಲ್ಲಿನ ಹೊರೆ ನೋಡಿದಾಗಿನದಕ್ಕಿಂತ ಹೆಚ್ಚು ಹೆದರಿಕೆಯಾಯಿತು.

ಮನೆಗೆ ಬಂದು ಕೈಕಾಲು ತೊಳೆದ ಮೇಲೆ, ಅತ್ತೆ ಜಗಲಿಯಲ್ಲಿ ಅಕ್ಕಿ ಆರಿಸುತ್ತಾ ಕೂತಿದ್ದಾಗ, ಐದಕ್ಕೆ ಎಂಟರ ಕೋಷ್ಟಕವನ್ನು ಮಾವನ ಮುಂದೆ ಇಟ್ಟೆ. ಮಾವ ಬೆರಳು ಇಟ್ಟುಕೊಂಡು ಮೇಲಿಂದ ಕೆಳಗೆ ಬಂದರು. ಇಪ್ಪತ್ತೈದರ ಎದುರು ಬೆರಳು ನಿಂತಿತು.

"ಅಂಗಾದ್ರೆ ಆ ನಲವತ್ತು ನಮ್ ಇಪ್ಪತ್ತೈದೇನಾ?"

"ಹೌದು ಮಾವ."

"ಎಷ್ಟ್ ದಿನ ಆಯ್ತು? ನೀನು ಬರ್ದಿರ್ತೀಯಲ್ಲ."

"ತೊಂಬತ್ತೊಂದು."

"ನಿಂಗೆ ಗೊತ್ತಾಗಿ?"

"ಹನ್ನೊಂದು."

ಅತ್ತೆಯ ಮೊರ ನಿಂತಿತು. ಮಾವ ಕೋಷ್ಟಕವನ್ನು ನಾಲ್ಕು ಮಡಿಕೆ ಮಡಿಚಿ ನನ್ನ ಕೈಗೆ ಕೊಟ್ಟರು. "ನನ್ ಕೆಲ್ಸ ಉಳೀಲಿ ಅಂತ ಸುಮ್ಕಿದ್ದೆ, ಅಲ್ವಾ?" ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ. "ಆಕೆ ಇವತ್ತು ಒಂದೆಜ್ಜೆ ಈಚೆಗಿದ್ದಿದ್ರೆ, ನೀನು ಆ ಕೆಲ್ಸಾನ ಎಲ್ ಬರ್ಕೊತಿದ್ದೆ ಮಗಾ?"

 

ಮರುದಿನ ಬೆಳಿಗ್ಗೆ ಕುಂಕುಮದ ಬೊಟ್ಟು ಇಪ್ಪತ್ತೈದಕ್ಕೆ ಇಳಿದಿತ್ತು. ಬಸ್ಸಿನಲ್ಲಿ ಎದ್ದ ಗದ್ದಲವನ್ನು ಏನೆಂದು ಹೇಳಲಿ! ಒಂದೇ ದಿನದಲ್ಲಿ ಒಳಗಿನವರ ಬೈಗುಳ ಹಳೆಯ ಇಪ್ಪತ್ತೈದರ ಹನ್ನೆರಡು ದಿನದ್ದನ್ನು ಮೀರಿಸಿತು. ಬೋರೇಗೌಡರು ಎಂಜಿನ್ ಕೆಟ್ಟಿದೆಯೇ, ಡ್ರೈವರು ಕೆಟ್ಟಿದ್ದಾರೆಯೇ ಎಂದು ವಿಚಾರಿಸಿದರು. ಮಾವ ಕೋಷ್ಟಕ ವಿವರಿಸಿದರು. ಅರ್ಧ ಬಸ್ಸಿಗೆ ಅರ್ಥವಾಗಲಿಲ್ಲ. ಅರ್ಥವಾದ ಅರ್ಧ ಬಸ್ಸು, ಹಾಗಿದ್ದರೆ ಇಷ್ಟು ದಿನ ಏನೂ ಆಗಲಿಲ್ಲವಲ್ಲ, ತಪ್ಪಾದರೂ ಒಳ್ಳೆಯ ತಪ್ಪು, ಅದನ್ನೇ ಮುಂದುವರಿಸು ಎಂದಿತು.

ಸಾಹುಕಾರರೂ ಅದನ್ನೇ ಹೇಳಿದರು. ಮಾವ ತಾವಾಗಿಯೇ ಹೋಗಿ ತಪ್ಪೊಪ್ಪಿಕೊಂಡಾಗ ಅವರು ನಕ್ಕು, ಬೋರ್ಡು ಅನ್ವಯಿಸುವುದು ಊರೊಳಗೆ ಮಾತ್ರ, ಊರೊಳಗೆ ಬೇಕಾದರೆ ನಿಧಾನ ಹೋಗು, ಆಚೆಗೆ ನಲವತ್ತರಲ್ಲಿ ಹೋಗು ಎಂದರಂತೆ. ಎಷ್ಟು ಸರಿಯಾದ ಮಾತು! ಯಾರು ಬೇಕಾದರೂ ಒಪ್ಪುವ ಮಾತು! ಮಾವ ಒಪ್ಪಲಿಲ್ಲ. ಊರು ಎಲ್ಲಿ ಮುಗಿಯುತ್ತದೆ ಎಂದು ಬೋರ್ಡು ಹಾಕಿಸಿಕೊಡಿ, ಅಲ್ಲಿಂದಾಚೆ ಓಡಿಸುತ್ತೇನೆ ಎಂದರು. ರಸ್ತೆಗೆ ಬೋರ್ಡು ಹಾಕಿಸುವುದು ಸಾಹುಕಾರರ ಕೈಯಲ್ಲಿರಲಿಲ್ಲ. ಡ್ರೈವರನ್ನು ಹಾಕುವುದು ಅವರ ಕೈಯಲ್ಲಿತ್ತು.

ಹಾಗೆಂದು ಅವರು ಕೆಟ್ಟವರಲ್ಲ. ಇಪ್ಪತ್ತೆರಡು ವರ್ಷದ ಮನುಷ್ಯನನ್ನು ಬೀದಿಗೆ ಬಿಡಬಾರದೆಂದು ಮಾವನಿಗೆ ಟಿಕೇಟು ತಪಾಸಣೆಯ ಕೆಲಸ ಕೊಟ್ಟರು. ಚಕ್ರ ಮಾತ್ರ ಮೂವತ್ತರ ಆಸುಪಾಸಿನ, ಗಿರಿಜಾ ಮೀಸೆಯ ಹೊಸ ಡ್ರೈವರ ಕೈಗೆ ಹೋಯಿತು. ಅವನು ಬಂದ ದಿನವೇ ಒಂದು ಕೈಯಲ್ಲಿ ಬಸ್ಸು ತಿರುಗಿಸಿ ತೋರಿಸಿದ. ಮೀಟರಿನ ಗಾಜನ್ನು ಉಗುರಿನಿಂದ ಕೆರೆದು ಶುಚಿ ಮಾಡಿದ.

ದಸರೆ ಕಳೆದ ಮೇಲಿನ ಬುಧವಾರ ಮಾವ ಮೊದಲ ಬಾರಿಗೆ ಆ ಬಸ್ಸಿಗೆ ಎಡಗಡೆಯ ಬಾಗಿಲಿನಿಂದ ಹತ್ತಿದರು. ಡ್ರೈವರ ಪಕ್ಕದ ಒಂಟಿ ಸೀಟಿನಲ್ಲಿ, ತೊಡೆಯ ಮೇಲೆ ಟಿಕೇಟು ತಪಾಸಣೆಯ ಚೀಲ ಇಟ್ಟುಕೊಂಡು ಕೂತರು. ನಾನು ಎಂದಿನಂತೆ ಹೆಂಗಸರ ಸೀಟಿನಲ್ಲಿ ಕಲಂಗಳನ್ನು ಗೀಚಿಕೊಂಡು ಸಿದ್ಧವಾದೆ. ಬಸ್ಸು ಹೊರಟಿತು. ಯಾರೂ ಗೊಣಗಲಿಲ್ಲ. 

ಕಿರಂಗೂರಿನ ಹತ್ತಿರ ಮಾವನ ಬಲಗಾಲು ಕದಲಿತು. ಪಾದ ಮುಂದಕ್ಕೆ ಸರಿದು ನೆಲದ ಹಲಗೆಯನ್ನು ಬಲವಾಗಿ ಒತ್ತಿತು. ಅಲ್ಲಿ ಬ್ರೇಕ್ ಇರಲಿಲ್ಲ, ಬರೀ ಹಲಗೆ. ಕಿಟಕಿಯಿಂದಾಚೆ ನೋಡಿದೆ: ರಸ್ತೆಗೇ ತೆರೆದುಕೊಳ್ಳುವ ಒಂದು ಮನೆಯ ಬಾಗಿಲು, ಹೊಸ್ತಿಲ ಮೇಲೆ ಅಂಬೆಗಾಲಿಡುವ ಮಗು. ಸ್ವಲ್ಪ ಮುಂದೆ ಮತ್ತೆ ಒತ್ತಿತು. ಅಲ್ಲೊಂದು ಬಾವಿ, ಕೊಡ ಹೊತ್ತವರು ಹಿಂದೆ ಮುಂದೆ ನೋಡದೆ ದಾಟುವ ಜಾಗ. ಆಮೇಲೆ ಬೇಲಿಯ ಸಂದು, ಅದರೊಳಗಿಂದ ಮೇಕೆಗಳು ನುಗ್ಗುತ್ತವೆ. ಆಮೇಲೆ ಒಂದು ಹುಣಸೇಮರ, ಅದರ ಬುಡದಲ್ಲಿ ಕಿವಿ ಕೇಳಿಸದ ಒಬ್ಬ ಅಜ್ಜ ರಸ್ತೆಗೆ ಕಾಲು ಚಾಚಿ ಕೂತಿರುತ್ತಾನೆ. ಇಷ್ಟು ದಿನ ಅದೇ ದಾರಿಯಲ್ಲಿ ಹೋಗಿ ಬಂದಿದ್ದೆ, ಮೀಟರು ನೋಡುತ್ತಾ. ಇವನ್ನು ಯಾವುದನ್ನೂ ನೋಡಿರಲಿಲ್ಲ. ನಾನು ಬೇರೆಲ್ಲ ಬಿಟ್ಟು ಆ ಪಾದ ಒತ್ತಿದ್ದಕ್ಕೆ ಗೀಟು ಹಾಕತೊಡಗಿದೆ.

ಪಾಂಡವಪುರ ದಾಟುವ ಹೊತ್ತಿಗೆ ಹೊಸ ಡ್ರೈವರ ಕಣ್ಣಿಗೂ ಅದು ಬಿತ್ತು.

"ಯಾಕಣ್ಣೋ, ಕಾಲು ಇಡ್ಕೊಂಡದಾ?"

"ಊಂ ಕಣ್ಲಾ. ಒಸಿ ಜೋಮು," ಎಂದರು ಮಾವ, ಕಿಟಕಿಯ ಕಡೆ ಮುಖ ತಿರುಗಿಸಿ. ಕಾಲನ್ನು ಸೀಟಿನ ಅಡಿಗೆ ಎಳೆದುಕೊಂಡರು. ಎರಡು ಫರ್ಲಾಂಗು ಹೋಗುವುದರೊಳಗೆ ಅದು ತಾನೇ ಹೊರಗೆ ಬಂದು ಮತ್ತೆ ಒತ್ತಿತು. ಆ ತಿರುವಿನಲ್ಲಿ ಎದುರಿಗೆ ಎರಡು ಎತ್ತಿನ ಗಾಡಿಗಳು 'ಎಲ್ಲಿಂದ ಬಂದವು' ಎನ್ನುವ ಹಾಗೆ ಬಂದವು. ಹೊಸ ಡ್ರೈವರು ಹೇಗೋ ತಪ್ಪಿಸಿಕೊಂಡ.  ಅಲ್ಲಿಂದ ಮುಂದೆ ಅವನು ರಸ್ತೆ ನೋಡುತ್ತಾ ಆಗಾಗ ಕಣ್ಣು ಕೆಳಗಿಳಿಸಿ ಮಾವನ ಪಾದ ನೋಡುತ್ತಿದ್ದ.

ಅಂದಿನ ಪುಟ ನನ್ನ ಮುಂದಿದೆ. ಶೀಳನೆರೆಯಲ್ಲಿ ನಾನು ಇಳಿಯುವಷ್ಟರಲ್ಲಿ ಮಾವನ ಕಾಲು ಮೂವತ್ತನಾಲ್ಕು ಸಲ ಒತ್ತಿದೆ. ಮೊದಲ ಹತ್ತೊಂಬತ್ತಕ್ಕೆ ಬಸ್ಸು ನಿಧಾನವಾಗಿಲ್ಲ. ಆಮೇಲೆ ಒಂದಕ್ಕೆ ಆಗಿದೆ, ಎರಡಕ್ಕೆ ಆಗಿಲ್ಲ, ಮತ್ತೆ ಮೂರಕ್ಕೆ ಆಗಿದೆ. ಕೊನೆಯ ಒಂಬತ್ತಕ್ಕೆ ಒಂಬತ್ತೂ ಆಗಿದೆ. ಬಸ್ಸು ಎಷ್ಟು ಮೈಲಿಯಲ್ಲಿ ಓಡುತ್ತಿತ್ತು ಎಂಬ ಕಲಂ ಮಾತ್ರ ಖಾಲಿ ಇದೆ. ಅವತ್ತು ನಾನು ಮೀಟರನ್ನು ನೋಡಲೇ ಇಲ್ಲ.